ಮರುಳಪ್ಪನವರ ದೊಡ್ಡ ಹೆಸರಿನ ಕಾಯಿಲೆ

ಬೆಳಿಗ್ಗೆ ಹತ್ತು ಗಂಟೆಗೆ ನ್ಯಾಮತಿಯ ಪಾತ್ರೆ ಅಂಗಡಿ ಮರುಳಪ್ಪನವರಿಗೆ ಕಾಮಾಲೆ ಆಗಿದೆ ಎಂದು ಡಾಕ್ಟರು ಹೇಳಿದರು. ಹತ್ತೂಕಾಲಾದರೂ ಮರುಳಪ್ಪನವರು ಅದನ್ನು ಒಪ್ಪಿರಲಿಲ್ಲ.

ಇದು ೧೯೭೯ರ ಫೆಬ್ರವರಿ ಕೊನೆಯ ವಾರದ ಮಾತು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಮರುಳಪ್ಪನವರು ಡಾಕ್ಟರ್ ಓಂಕಾರಪ್ಪನವರ ಮುಂದಿನ ಸ್ಟೂಲಿನ ಮೇಲಿದ್ದರು.

"ಕಣ್ಣು ಹಳದಿ, ಮೂತ್ರ ಹಳದಿ, ಊಟ ಸೇರ್ತಿಲ್ಲ. ಕಾಮಾಲೆ," ಎಂದರು ಡಾಕ್ಟರು.

"ಬರೀ ಕಾಮಾಲೆನಾ?"

"ಬರೀ ಅಂದ್ರೆ?"

"ಅಂದ್ರೆ, ಅದರ ಜೊತೆಗೆ ಬೇರೆ ಏನೂ ಇಲ್ಲೇನು?"

ತಾಮ್ರದ ಹಂಡೆ ಕೇಳಿದ ಗಿರಾಕಿಗೆ ಅಲ್ಯೂಮಿನಿಯಂ ಹಂಡೆ ತೋರಿಸಿದರೆ ಮುಖ ಹೇಗಾಗುತ್ತದೋ ಮರುಳಪ್ಪನವರ ಮುಖ ಹಾಗಾಗಿತ್ತು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವರ ಹೆಂಡತಿಯ ಅಣ್ಣ, ಚನ್ನಗಿರಿಯ ಕಲ್ಲೇಶಪ್ಪನವರಿಗೆ ದಾವಣಗೆರೆಯಲ್ಲಿ ಅಪೆಂಡಿಕ್ಸ್ ಆಪರೇಷನ್ ಆಗಿತ್ತು.

ನಮ್ಮ ಕಡೆ ರೋಗಿಯನ್ನು ನೋಡಲು ಹೋಗುವುದಕ್ಕೆ ದರ್ಜೆಗಳಿವೆ. ಜ್ವರ ಬಂದವರಿಗೆ ಬನ್ನು. ಟೈಫಾಯಿಡ್ ಆದರೆ ಬ್ರೆಡ್ಡು, ಮೂಸಂಬಿ. ಆಪರೇಷನ್ ಆದರೆ ದ್ರಾಕ್ಷಿ, ಸೇಬು, ಒಂದು ಬಸ್ಸಿನ ಜನ. ಕಾಮಾಲೆಗೆ ಮಾತ್ರ ಯಾರೂ ಏನೂ ತರುವುದಿಲ್ಲ. ಅದು ಸೊಪ್ಪಿನ ಕಾಯಿಲೆ. ಬೀದಿಯಲ್ಲಿ ನಿಂತೇ, "ಉಪ್ಪು ಬಿಡ್ರಿ, ಎಣ್ಣೆ ಮುಟ್ಟಬ್ಯಾಡ್ರಿ, ನೆಲನೆಲ್ಲಿ ಅರೆದು ಕುಡೀರಿ," ಎಂದು ಹೇಳಿ ಸೈಕಲ್ ಹತ್ತುತ್ತಾರೆ. ಕಲ್ಲೇಶಪ್ಪನವರಾದರೋ ಮಂಚದ ಮೇಲೆ ಒರಗಿ, ಬಂದವರಿಗೆಲ್ಲ ಅಂಗಿ ಎತ್ತಿ ಹೊಲಿಗೆ ತೋರಿಸಿದ್ದರು. ಮರುಳಪ್ಪನವರೂ ಮೂಸಂಬಿ ಹಿಡಿದು ಸಾಲಿನಲ್ಲಿ ನಿಂತು ನೋಡಿ ಬಂದಿದ್ದರು. ಅಂದಿನಿಂದ ಪ್ರತಿ ಮದುವೆ, ಪ್ರತಿ ಗೃಹಪ್ರವೇಶದಲ್ಲೂ ಕಲ್ಲೇಶಪ್ಪನವರು, "ನನ್ನ ಆಪರೇಷನ್ ಆದಾಗ..." ಎಂದು ಮಾತು ಶುರು ಮಾಡುತ್ತಿದ್ದರು. ಮರುಳಪ್ಪನವರ ಬಳಿ ಮಾತು ಶುರು ಮಾಡಲು ಏನೂ ಇರಲಿಲ್ಲ.

ಡಾಕ್ಟರಿಗೆ ಇದೆಲ್ಲ ಗೊತ್ತಿರಲಿಲ್ಲ. ಹೊರಗೆ ಇನ್ನೂ ಹನ್ನೆರಡು ಜನ ಕೂತಿದ್ದರು. "ಇಂಗ್ಲಿಷಿನಾಗೆ ಇದಕ್ಕೆ ಇನ್ಫೆಕ್ಟಿವ್ ಹೆಪಟೈಟಿಸ್ ಅಂತಾರೆ," ಎಂದರು.

ಮರುಳಪ್ಪನವರು ನೆಟ್ಟಗೆ ಕೂತರು. "ಇನ್ನೊಂದು ಸಲ ಹೇಳ್ರಿ."

"ಹೆಪಟೈಟಿಸ್. ಹೆಪಾರ್ ಅಂದ್ರೆ ಗ್ರೀಕ್ ಭಾಷೆಯಾಗೆ ಲಿವರ್, ನಮ್ಮ ಪಿತ್ತಜನಕಾಂಗ. ಕೊನೆಗೆ ಐಟಿಸ್ ಬಂದ್ರೆ ಉರಿಯೂತ. ಕೆಟ್ಟ ನೀರಿನಿಂದಲೋ ಊಟದಿಂದಲೋ ವೈರಸ್ಸು ಒಳಗೆ ಹೋಗಿ ಲಿವರ್ ಊದೈತೆ. ಅದಕ್ಕೇ ಮೈಗೆ ಹಳದಿ ಬಂದೈತೆ. ಹೊರಗೆ ಕಾಣೋ ಹಳದಿಗೆ ಕಾಮಾಲೆ ಅಂತೀವಿ, ಒಳಗೆ ಆಗಿರೋದಕ್ಕೆ ಹೆಪಟೈಟಿಸ್ ಅಂತೀವಿ. ಎಲ್ಲಾ ಕಾಮಾಲೆನೂ ಹೆಪಟೈಟಿಸ್ ಅಲ್ಲ. ನಿಮ್ಮದು ಹೌದು. ಗಾಬರಿ ಬ್ಯಾಡ. ಮಲಗ್ರಿ, ಕಾಯಿಸಿದ ನೀರು ಕುಡೀರಿ, ಜಿಡ್ಡು ಬಿಡ್ರಿ, ಗ್ಲೂಕೋಸ್ ತಗೊಳ್ರಿ. ಒಂದೂವರೆ ತಿಂಗಳಿಗೆ ತಾನೇ ಹೋಗ್ತೈತೆ."

ಡಾಕ್ಟರು ತಪ್ಪು ಹೇಳಲಿಲ್ಲ. ಮರುಳಪ್ಪನವರ ಕಿವಿಯಲ್ಲೂ ದೋಷವಿರಲಿಲ್ಲ. ಹೇಳಿದ್ದರಲ್ಲಿ ಬೇಕಾದ ಅರ್ಧ ತೆಗೆದುಕೊಂಡು, ಉಳಿದರ್ಧವನ್ನು ಸ್ಟೂಲಿನ ಮೇಲೆ ಬಿಟ್ಟು ಬಂದರು. ಒಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ನನ್ನೂ ಕೇಳಿ ಹಾಕಿಸಿಕೊಂಡರು. ಮನೆ ಮುಟ್ಟುವವರೆಗೆ ದಾರಿಯಲ್ಲಿ ಹೆಸರನ್ನು ಬಾಯಿಪಾಠ ಮಾಡಿದರು. ಉಡುಗೊರೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವರು ಅವರು. ಹೆಸರು ದೊಡ್ಡದಿದ್ದರೆ ಪಾತ್ರೆಗೆ ತೂಕ ಬರುತ್ತದೆ ಎಂಬುದು ಅವರ ಅನುಭವ.

ಬಾಗಿಲಲ್ಲಿ ಹೆಂಡತಿ ನಿರ್ಮಲಮ್ಮ ಕೇಳಿದರು: "ಏನಂದ್ರು?"

"ಇನ್ಫೆಕ್ಟಿವ್ ಹೆಪಟೈಟಿಸ್."

"ಕಾಮಾಲೆ ಅಲ್ಲೇನು? ಕಣ್ಣು ಅರಿಶಿನ ಆಗ್ಯಾವಲ್ಲ?"

"ಕಣ್ಣಿನ ವಿಷಯ ಬೇರೆ," ಎಂದು ಮರುಳಪ್ಪನವರು ಮಂಚ ಹತ್ತಿದರು. ಮಂಚವನ್ನು ಒಳಗಿನ ಕೋಣೆಯಿಂದ ಪಡಸಾಲೆಗೆ, ಬೀದಿ ಬಾಗಿಲಿಗೆ ಎದುರಾಗಿ ಹಾಕಿಸಿದರು. ಗಾಳಿ ಬೇಕು ಎಂಬುದು ಅವರು ಕೊಟ್ಟ ಕಾರಣ.

ಮೊದಲು ಬಂದವರು ಪಕ್ಕದ ಮನೆಯ ಪಾಪಣ್ಣ. ಬಸ್ ಸ್ಟ್ಯಾಂಡಿನಲ್ಲಿ ಅವರ ಹೋಟೆಲು. ನ್ಯಾಮತಿಗೆ ಬಂದ ಸುದ್ದಿ ಅಲ್ಲಿ ಒಂದು ಚಹಾ ಕುಡಿಯದೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ಕಾಮಾಲೆ ಅಂತಲ್ರೀ ಮರುಳಪ್ಪಾರೆ?"

"ಯಾರು ಹೇಳಿದ್ರು ನಿಮಗೆ? ಹೆಪಟೈಟಿಸ್. ಇನ್ಫೆಕ್ಟಿವ್."

"ಹಂಗಂದ್ರೆ ಕನ್ನಡದಾಗೆ ಏನ್ರಿ?"

"ಕನ್ನಡದಾಗೆ ಇಲ್ಲ. ಗ್ರೀಕಿನಾಗೆ ಐತೆ. ಒಳಗೆ ಉರಿ ಹತ್ತೈತೆ ಅಂತ ಅರ್ಥ."

ಪಾಪಣ್ಣ ಮಂಚದಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹೋಟೆಲಿಗೆ ಹೋಗಿ ಗಲ್ಲಾದ ಮುಂದೆ ಕೂತು ಅವರು ಆಡಿದ ಮಾತು ಇದು: "ಕನ್ನಡದಾಗೆ ಹೆಸರಿಲ್ಲ ಅಂದ್ಮೇಲೆ ಕನ್ನಡದಾಗೆ ಔಷಧಾನೂ ಇಲ್ಲ ಅಂತಲ್ಲೇನು? ಪಾಪ, ಒಳ್ಳೆ ಮನುಷ್ಯ."

ಅದೇ ಹೋಟೆಲಿನಲ್ಲಿ ಹಿಂದಿನ ವಾರವಷ್ಟೇ ಪಾಪಣ್ಣ, ಮರುಳಪ್ಪನವರು ಕೊಟ್ಟ ಕೆಟಲಿಗೆ ತೂತು ಬಿದ್ದದ್ದಕ್ಕೆ ಅವರನ್ನು ಕಳ್ಳ ಎಂದಿದ್ದರು. ಕಳ್ಳ ಒಳ್ಳೆ ಮನುಷ್ಯನಾದ ಮೇಲೆ ಸಂಗತಿ ಗಂಭೀರವೆಂದು ಊರಿಗೆ ತಿಳಿಯಿತು.

ಮಾರನೆಯ ಮಧ್ಯಾಹ್ನ ಬಸವಾಪಟ್ಟಣದಿಂದ ಮರುಳಪ್ಪನವರ ಅಕ್ಕ ಕರಿಬಸಮ್ಮ ಬಂದರು. ಬಸ್ಸಿಳಿದ ಜಾಗದಲ್ಲೇ ಅಳು ಶುರು ಮಾಡಿದ್ದರಿಂದ ಮನೆಯವರೆಗೆ ಅವರು ಒಬ್ಬರೇ ನಡೆಯಬೇಕಾಗಲಿಲ್ಲ. ಜನರೇ ಕರೆತಂದರು.

"ಅಯ್ಯೋ ನನ್ನ ತಮ್ಮಾ! ಹುಟ್ಟಿದಾಗಿನಿಂದ ಒಬ್ಬರಿಗೆ ಎದುರು ಮಾತಾಡಿದೋನಲ್ಲ!"

"ಅಕ್ಕಾ, ಹೋದ ದೀಪಾವಳಿಗೆ ನಾನೂ ನೀನೂ ಜಗಳ ಆಡಿ ಮಾತು ಬಿಟ್ಟಿದ್ವಲ್ಲ?"

"ನೋಡ್ರವ್ವಾ, ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂತಾನೆ! ಇಂಥೋರನ್ನೇ ದೇವರು ಬೇಗ ಕರಕೊಳ್ಳೋದು!"

ನಂತರದ ದಿನಗಳಲ್ಲಿ ಹೊನ್ನಾಳಿಯಿಂದ, ಚನ್ನಗಿರಿಯಿಂದ, ನೆಂಟರಲ್ಲದ ಊರುಗಳಿಂದಲೂ ಜನ ಬಂದರು. ಮೂಸಂಬಿ ಬಂತು. ದ್ರಾಕ್ಷಿ ಬಂತು. ಒಬ್ಬರು ಅನಾನಸ್ ತಂದರು. ಬಂದವರು ಬಾಗಿಲಿನಿಂದ ತುಸು ದೂರ ನಿಂತು ಹೆಸರು ಕೇಳುವರು. ಮರುಳಪ್ಪನವರು ಕಣ್ಣು ಅರ್ಧ ಮುಚ್ಚಿ, ಒಂದೊಂದೇ ಅಕ್ಷರವನ್ನು ಕೊರೆದು ಇಟ್ಟಂತೆ ಹೇಳುವರು. ಬಂದವರು ಹೇಳಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, "ಹೇಳಾಕೇ ಆಗಲ್ಲ, ಅನುಭವಿಸೋದು ಹೆಂಗಪ್ಪ," ಎಂದು ನಿಟ್ಟುಸಿರು ಬಿಡುವರು. ಆಮೇಲೆ ಎಲ್ಲರೂ ಮರುಳಪ್ಪನವರ ಗುಣಗಾನ ಮಾಡುವರು. ತೂಕದಲ್ಲಿ ಮೋಸವಿಲ್ಲ. ಮಾತಿನಲ್ಲಿ ಒರಟಿಲ್ಲ. ಬೆಸುಗೆ ಕಿತ್ತರೆ ಪುಕ್ಕಟೆ ಹಾಕಿಕೊಡುತ್ತಿದ್ದರು. 'ಕೊಡುತ್ತಿದ್ದರು' ಎಂದು ಅವರು ಮುಗಿದ ಕಾಲದಲ್ಲಿ ಹೇಳುತ್ತಿದ್ದುದನ್ನು ಮರುಳಪ್ಪನವರು ಗಮನಿಸಲಿಲ್ಲ. ಅವರಿಗೆ ಬಾಯಿ ಕಹಿ, ಮೈ ಸುಸ್ತು, ಮನಸ್ಸು ಮಾತ್ರ ತುಂಬ ಹಗುರ.

"ನಿಮ್ಮಣ್ಣ ಬಂದನೇನು?" ಎಂದು ದಿನಾ ಹೆಂಡತಿಯನ್ನು ಕೇಳುವರು.

"ಇಲ್ಲ."

"ಬರಲ್ಲ ಬಿಡು. ಅವನಿಂದ ನೋಡಾಕೆ ಆಗಲ್ಲ."

ಅನ್ನಪೂರ್ಣ ಇವರ ಒಬ್ಬಳೇ ಮಗಳು. ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಟಿ.ಸಿ.ಎಚ್. ಓದುತ್ತಿದ್ದಳು. ಏಪ್ರಿಲ್‌ನಲ್ಲಿ ಕೊನೆಯ ಪರೀಕ್ಷೆ. ಅದು ಪಾಸಾದರೆ ಪ್ರೈಮರಿ ಸ್ಕೂಲಿನ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದು. ಜಗಳೂರು ತಾಲ್ಲೂಕಿನ ಬಿಳಿಚೋಡಿನ ಕೊಟ್ರಬಸಪ್ಪನವರ ಮಗನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಹುಡುಗ ಕೆ.ಇ.ಬಿ.ಯಲ್ಲಿ ಲೈನ್‌ಮನ್. ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ಮದುವೆ ಎಂದು ಎರಡೂ ಕಡೆಯವರು ಎಲೆ ಅಡಿಕೆ ಹಿಡಿದು ಮಾತಾಡಿದ್ದರು. ಮನೆಗೆ ಬಂದ ಜನಕ್ಕೆಲ್ಲ ಚಹಾ ಮಾಡಿ ಮಾಡಿ ಅನ್ನಪೂರ್ಣ ಅಡಿಗೆಮನೆಯ ಒಲೆಯ ಮುಂದೆಯೇ ಬಾಲಮನಶ್ಶಾಸ್ತ್ರ ಓದುತ್ತಿದ್ದಳು.

ಮರುವಾರ ಸೋಮವಾರ ಬೀಗರು ಬಂದರು. ಕೊಟ್ರಬಸಪ್ಪನವರ ಜೊತೆ ಅವರ ತಾಯಿ ಅಜ್ಜಮ್ಮನೂ ಬಂದಿದ್ದರು. ಅಜ್ಜಮ್ಮನಿಗೆ ಎಂಬತ್ತು ದಾಟಿತ್ತು. ಆ ಮನೆಯಲ್ಲಿ ಕೊಟ್ರಬಸಪ್ಪನವರು ಮಾತಾಡುತ್ತಿದ್ದರು, ಅಜ್ಜಮ್ಮ ತೀರ್ಮಾನ ಮಾಡುತ್ತಿದ್ದರು.

"ಬೀಗರೇ, ಹೆಂಗಿದೀರಿ?" ಎಂದರು ಕೊಟ್ರಬಸಪ್ಪ, ಸೇಬಿನ ಬುಟ್ಟಿ ಕೆಳಗಿಟ್ಟು.

ಸೇಬು ನೋಡಿ ಮರುಳಪ್ಪನವರಿಗೆ ಜೀವ ಬಂತು. ಆದರೆ ಬಂದ ಜೀವವನ್ನು ತೋರಿಸಿಕೊಳ್ಳಲಿಲ್ಲ. "ಏನ್ ಹೇಳ್ಲಿ ಬೀಗರೇ. ಇನ್ಫೆಕ್ಟಿವ್ ಹೆಪಟೈಟಿಸ್."

ಕೊಟ್ರಬಸಪ್ಪನವರು ತಾಯಿಯ ಕಿವಿಯಲ್ಲಿ ಏನೋ ಹೇಳಿದರು. ಅಜ್ಜಮ್ಮ ಮಂಚದ ಹತ್ತಿರ ಬಂದು ರೋಗಿಯನ್ನು ಸಂತೆಯಲ್ಲಿ ಎತ್ತು ನೋಡುವಂತೆ ತಲೆಯಿಂದ ಕಾಲಿನವರೆಗೆ ನೋಡಿದರು.

"ಮರುಳಪ್ಪಾ, ನಿಂಗೆ ಒಂದೇ ಮಗಳು. ಅವಳ ಅಕ್ಷತೆ ನೀ ನೋಡಿ ಹೋಗಬೇಕು ಕಣಪ್ಪ. ಬರೋ ಸೋಮವಾರದಾಚೆ ಸೋಮವಾರ ಮದುವೆ ಮಾಡಿ ಮುಗಿಸಾಣ."

"ಎಲ್ಲಿಗೆ ಹೋಗಬೇಕು?" ಎಂದರು ಮರುಳಪ್ಪ.

ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುಳಪ್ಪನವರು ಪಡಸಾಲೆಯ ಮುಖಗಳನ್ನು ಒಂದೊಂದಾಗಿ ನೋಡಿದರು. ತಾವು ಎಲ್ಲಿಗೆ ಹೋಗಬೇಕಾಗಿದೆ ಎಂಬುದು ಅವರಿಗೆ ಆಗ ತಿಳಿಯಿತು.

ಕೊಟ್ರಬಸಪ್ಪನವರು ವಿವರಿಸಿದರು. "ತಪ್ಪು ತಿಳಿಬ್ಯಾಡ್ರಿ ಬೀಗರೇ. ಮನೆ ಯಜಮಾನಂಗೆ ಏನಾರ ಆದ್ರೆ ಒಂದು ವರ್ಷ ಶುಭಕಾರ್ಯ ಮಾಡಂಗಿಲ್ಲ. ಅವ್ವನಿಗೆ ವಯಸ್ಸಾಗೈತೆ. ವರ್ಷ ಕಾಯಾಕೆ ಆಕೆಗೂ ಆಗಲ್ಲ."

ಶಾಸ್ತ್ರದ ಪ್ರಕಾರ ಲಿಂಗವಂತರಿಗೆ ಸೂತಕವಿಲ್ಲ. ಅಜ್ಜಮ್ಮನ ಪ್ರಕಾರ ಇತ್ತು.

ಒಳಗಿನಿಂದ ಅನ್ನಪೂರ್ಣ ಬಂದಳು. ಕೈಯಲ್ಲಿ ಚಹಾದ ತಟ್ಟೆ, ಕಂಕುಳಲ್ಲಿ ಪುಸ್ತಕ. "ಅಪ್ಪಾ, ನನ್ನ ಪರೀಕ್ಷೆ?"

"ಮದುವೆ ಆದ್ಮೇಲೆ ಪರೀಕ್ಷೆ ಯಾಕವ್ವಾ," ಎಂದರು ಅಜ್ಜಮ್ಮ ಪ್ರೀತಿಯಿಂದಲೇ. "ಹೊಸ ಮದಲಗಿತ್ತಿ ಬಿಳಿಚೋಡಿನಿಂದ ಶಿವಮೊಗ್ಗಕ್ಕೆ ಒಬ್ಬಳೇ ಬಸ್ಸಿನಾಗೆ ಹೋಗ್ತಾಳೇನು? ಮುಂದೆ ನೋಡಾಣ ಬಿಡು."

ಅನ್ನಪೂರ್ಣ ತಟ್ಟೆಯನ್ನು ಇಳಿಸಿ ಅಪ್ಪನನ್ನೇ ನೋಡುತ್ತ ನಿಂತಳು. ಎರಡು ವರ್ಷ ಬೆಳಗಿನ ಬಸ್ಸಿನಲ್ಲಿ ನಿಂತು ಹೋದವಳು ಅವಳು. 'ಮುಂದೆ' ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮರುಳಪ್ಪನವರಿಗೂ ಗೊತ್ತಿತ್ತು.

"ಬೀಗರೇ," ಎಂದು ಅವರು ಎದ್ದು ಕೂತರು. "ಅಂಥದ್ದೇನೂ ಆಗಿಲ್ಲ ನಂಗೆ. ಇದು ಕಾಮಾಲೆ. ಬರೀ ಕಾಮಾಲೆ!"

ಪಡಸಾಲೆಯಲ್ಲಿದ್ದವರೆಲ್ಲ ಒಟ್ಟಿಗೆ "ತ್ಚು ತ್ಚು" ಎಂದರು.

"ನೋಡ್ರಿ, ಮಗಳು ಎದುರಿಗೆ ಬಂದಳು ಅಂತ ಹೆಂಗೆ ಮುಚ್ಚಿಡ್ತಾರೆ," ಎಂದರು ಪಾಪಣ್ಣ. "ಎಂಥಾ ಧೈರ್ಯ!"

"ಧೈರ್ಯ ಅಲ್ರಿ, ಕಾಮಾಲೆ!"

"ಆಯ್ತು ಬೀಗರೇ, ಕಾಮಾಲೆನೇ ಅಂತ ಇಟ್ಕೊಳ್ಳಾಣ," ಎಂದು ಕೊಟ್ರಬಸಪ್ಪನವರು ಮಕ್ಕಳಿಗೆ ಹೇಳುವಂತೆ ಹೇಳಿದರು. "ಗುರುವಾರ ಬಂದು ಲಗ್ನಪತ್ರಿಕೆ ಬರೆಸ್ತೀವಿ."

ಅವರು ಹೋದ ಮೇಲೆ ಮರುಳಪ್ಪನವರು ಡಾಕ್ಟರನ್ನು ಮನೆಗೇ ಕರೆಸಿದರು. ಡಾಕ್ಟರು ನೆರೆದವರ ಮುಂದೆ ನಿಂತು, ಇದು ಕಾಮಾಲೆ, ಪ್ರಾಣಕ್ಕೆ ಅಪಾಯವಿಲ್ಲ, ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿದರು. ನೀರು ಕಾಯಿಸಿ ಕುಡಿಯಿರಿ, ಬಂದವರೆಲ್ಲ ಕೈ ತೊಳೆಯಿರಿ ಎಂದೂ ಹೇಳಿದರು.

ಡಾಕ್ಟರು ಹೋದ ಮೇಲೆ ಕರಿಬಸಮ್ಮ ಹೊಸದಾಗಿ ಅತ್ತರು. "ಡಾಕ್ಟ್ರು ತಾವಾಗೇ ಮನೆ ಬಾಗಿಲಿಗೆ ಬಂದ್ರು ಅಂದ್ರೆ ನೀವೇ ತಿಳ್ಕೊಳ್ರಿ! ನಮ್ಮ ಮಾವನಿಗೂ ಹಿಂಗೇ ಬಂದು ಏನೂ ಇಲ್ಲ ಅಂದಿದ್ರು. ಅಮಾವಾಸ್ಯೆ ದಾಟಲಿಲ್ಲ."

"ಕೈ ಬ್ಯಾರೆ ತೊಳಿರಿ ಅಂದ್ರಲ್ಲ," ಎಂದರು ಪಾಪಣ್ಣ. "ಕಾಮಾಲೆಗೆ ಯಾರಾದ್ರೂ ಕೈ ತೊಳೀತಾರೇನ್ರಿ?"

ಡಾಕ್ಟರು ಹೇಳಿದ್ದು ಪೂರ್ತಿ ಸರಿ. ಯಾರೂ ಕೈ ತೊಳೆಯಲಿಲ್ಲ.

ಉಳಿದದ್ದು ಒಂದೇ ದಾರಿ. ಕಾಮಾಲೆಗೆ ಸೊಪ್ಪು ಕೊಡುವ ಗಿಡ್ಡಮ್ಮ ಊರ ಹೊರಗಿನ ಕೇರಿಯಲ್ಲಿದ್ದರು. ಗಿಡ್ಡಮ್ಮ ಬಂದು ಎಲ್ಲರ ಮುಂದೆ ಸೊಪ್ಪು ಅರೆದು ಕೊಟ್ಟರೆ ಅದು ಕಾಮಾಲೆಯೇ ಎಂದು ಊರು ಒಪ್ಪಲೇಬೇಕು. ನಿರ್ಮಲಮ್ಮ ಹೋಗಿ ಕರೆತಂದರು. ಗಿಡ್ಡಮ್ಮ ಹೊಸ್ತಿಲ ಹೊರಗೇ ನಿಂತು ರೋಗಿಯ ಕಣ್ಣು ನೋಡಿದರು, ಉಗುರು ನೋಡಿದರು.

"ಕಾಮಾಲೆ ಹಂಗೇ ಕಾಣ್ತೈತೆ ಸ್ವಾಮೇರೆ."

"ಹಂಗೇ ಕಾಣೋದಲ್ಲ ಗಿಡ್ಡಮ್ಮ, ಅದೇ!"

"ಇರಬೌದು. ಆದ್ರೆ ಸೂಜಿ ಹಾಕಿಸ್ಕೊಂಡೀರಂತೆ. ಸೂಜಿ ಬಿದ್ದ ಮೈಗೆ ನಾ ಸೊಪ್ಪು ಕೊಡಾಕಿಲ್ಲ. ಮ್ಯಾಲೆ ದೊಡ್ಡ ಹೆಸರು ಬ್ಯಾರೆ ಬಂದೈತೆ ಅಂತ ಊರೆಲ್ಲ ಮಾತಾಡ್ತೈತೆ. ನಾ ಕೊಟ್ಟು ನೀವು ಹೋಗಿಬಿಟ್ರೆ ಸೊಪ್ಪಿಗೆ ಕೆಟ್ಟ ಹೆಸರು. ನಾಳೆ ಯಾರು ಬರ್ತಾರೆ ನನ್ತಾವ?"

"ನಾ ಹೋಗಲ್ಲ!"

"ಎಲ್ರೂ ಹಂಗೇ ಅಂತಾರೆ," ಎಂದು ಗಿಡ್ಡಮ್ಮ ಎಲೆ ಅಡಿಕೆ ತೆಗೆದುಕೊಂಡು ಹೊರಟರು.

ಗಿಡ್ಡಮ್ಮನೂ ಕೈ ಬಿಟ್ಟಳಂತೆ ಎಂಬ ಸುದ್ದಿ ಅವರಿಗಿಂತ ಮೊದಲು ಬಸ್ ಸ್ಟ್ಯಾಂಡ್ ತಲುಪಿತು. ಸಂಜೆ ಬಂದವರು ಮೂಸಂಬಿಯ ಜೊತೆ ಊದುಬತ್ತಿಯನ್ನೂ ತಂದಿದ್ದರು.

ಬುಧವಾರ ಮಧ್ಯಾಹ್ನ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಕಲ್ಲೇಶಪ್ಪನವರು ಬಂದರು. ಬರಿಗೈಯಲ್ಲಿ ಬಂದಿದ್ದರು. ಮಂಚದ ಕಡೆ ನೋಡದೆ ಕುರ್ಚಿ ಎಳೆದು ಕೂತು, ಮೂಲೆಯಲ್ಲಿ ರಾಶಿ ಬಿದ್ದ ಹಣ್ಣು ನೋಡಿದರು.

"ಅನಾನಸ್ಸೂ ಬಂದೈತಲ್ಲ. ನಂಗೆ ಯಾರೂ ಅನಾನಸ್ ತರಲಿಲ್ಲ."

"ತಗೊಂಡು ಹೋಗ್ರಿ ಭಾವ."

"ನಂಗ್ಯಾಕೆ. ದೊಡ್ಡ ಕಾಯಿಲೆ ಬಂದೋರು ತಿನ್ರಿ."

ಮರುಳಪ್ಪನವರು ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ಅನ್ನಪೂರ್ಣ ಯಾವುದೋ ಪ್ರಶ್ನೆಗೆ ಉತ್ತರವನ್ನು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು. ಮದುವೆಗೆ ದಿನ ಗೊತ್ತಾಗುತ್ತಿದ್ದರೂ ಓದು ನಿಲ್ಲಿಸಿರಲಿಲ್ಲ. ಮರುಳಪ್ಪನವರು ಉಗುಳು ನುಂಗಿದರು. ಅದು ಕಹಿಯಾಗಿತ್ತು. ಕಾಯಿಲೆಯ ಕಹಿ ಅರ್ಧ, ಹೇಳಬೇಕಾಗಿದ್ದ ಮಾತಿನ ಕಹಿ ಅರ್ಧ.

"ಭಾವ, ನನ್ನದು ದೊಡ್ಡದಲ್ಲ. ಕಾಮಾಲೆ."

ಕಲ್ಲೇಶಪ್ಪನವರು ಮೊದಲ ಬಾರಿಗೆ ಮಂಚದ ಕಡೆ ತಿರುಗಿದರು. "ಏನಂದೆ?"

"ಕಾಮಾಲೆ. ಡಾಕ್ಟ್ರು ಮೊದಲನೇ ದಿನಾನೇ ಹೇಳಿದ್ರು. ನಾನೇ ಇಂಗ್ಲಿಷ್ ಹೆಸರು ಹಿಡ್ಕೊಂಡೆ. ಈಗ ನಾ ಹೇಳಿದ್ರೆ ಯಾರೂ ನಂಬಲ್ಲ. ಡಾಕ್ಟ್ರು ಹೇಳಿದ್ರೂ ನಂಬಲ್ಲ. ನಾಳೆ ಬೀಗರು ಬರ್ತಾರೆ. ನೀವು ಹೇಳಬೇಕು."

"ಏನಂತ?"

"ಸಣ್ಣ ಕಾಯಿಲೆ ಅಂತ."

"ಅಪೆಂಡಿಕ್ಸಿಗಿಂತ ಸಣ್ಣದು ಅಂತ?"

"ಹೂಂ."

"ಎಷ್ಟು ಸಣ್ಣದು?"

"ನಿಮಗೆ ಹೆಂಗೆ ಬೇಕೋ ಹಂಗೆ ಹೇಳ್ರಿ, ಭಾವ."

ಕಲ್ಲೇಶಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅವರ ಮುಖದಲ್ಲಿ ಮೂಡಿದ ಸಂತೋಷ ಹೊಲಿಗೆ ಬಿಚ್ಚಿದ ದಿನವೂ ಮೂಡಿರಲಿಲ್ಲ ಎಂದು ಆಮೇಲೆ ನಿರ್ಮಲಮ್ಮ ಹೇಳಿದರು. "ಆ ಹುಡುಗಿ ಸಲುವಾಗಿ ಹೇಳ್ತೀನಿ," ಎಂದರು ಕಲ್ಲೇಶಪ್ಪ. "ಆದ್ರೆ ನಾ ಹೇಳುವಾಗ ನೀ ಬಾಯಿ ಬಿಡಬಾರದು."

ಗುರುವಾರ ಹನ್ನೊಂದು ಗಂಟೆಗೆ ಪಡಸಾಲೆ ತುಂಬಿತ್ತು. ಕೊಟ್ರಬಸಪ್ಪನವರು, ಅಜ್ಜಮ್ಮ ಜಮಖಾನದ ಮೇಲೆ ಕೂತಿದ್ದರು. ಕರಿಬಸಮ್ಮ ಮಂಚದ ಕಾಲಿಗೆ ಒರಗಿದ್ದರು. ಪಾಪಣ್ಣ ಹೋಟೆಲನ್ನು ಮಾಣಿಗೆ ಬಿಟ್ಟು ಬಂದಿದ್ದರು. ಲಗ್ನಪತ್ರಿಕೆ ಬರೆಯುವ ಅಯ್ಯನವರು ಅರಿಶಿನ ಹಚ್ಚಿದ ಕಾಗದ ಬಿಚ್ಚಿದರು. ಅನ್ನಪೂರ್ಣ ಬಾಗಿಲ ಸಂದಿನಲ್ಲಿ ನಿಂತಿದ್ದಳು.

"ನಿಲ್ರಿ," ಎಂದರು ಕಲ್ಲೇಶಪ್ಪ. "ಯಾತಕ್ಕೆ ಈ ಅವಸರ?"

"ಬೀಗರಿಗೆ ಹಿಂಗಾಗೈತಲ್ರಿ," ಎಂದರು ಕೊಟ್ರಬಸಪ್ಪ ತಗ್ಗಿದ ದನಿಯಲ್ಲಿ.

"ಏನಾಗೈತೆ? ಕಾಮಾಲೆ ಆಗೈತೆ! ಕಾಮಾಲೆಯಾಗೂ ಸಣ್ಣ ಕಾಮಾಲೆ. ನಮ್ಮ ಮನೆ ಆಳು ಕಾಮಾಲೆ ಇಟ್ಕೊಂಡೇ ಭತ್ತ ಬಡಿದ. ಇವನು ಮಂಚ ಎಳೆಸಿ ಬೀದಿಗೆ ಹಾಕಿಸ್ಕೊಂಡು ಊರ ಹಣ್ಣೆಲ್ಲ ತಿಂತಾ ಕೂತಾನೆ!"

"ಕಲ್ಲೇಶಪ್ಪಾ! ಈ ಹೊತ್ತಿನಾಗೆ ಹಿಂಗಂತೀಯಲ್ಲೋ!" ಎಂದು ಕರಿಬಸಮ್ಮ ಚೀರಿದರು.

"ಇನ್ಯಾವ ಹೊತ್ತಿನಾಗೆ ಅನ್ನಲಿ? ಆಪರೇಷನ್ ಅಂದ್ರೆ ಕಾಯಿಲೆ. ಹೊಟ್ಟೆ ಕೊಯ್ದ್ರು, ಹೊಲಿದ್ರು, ನಾ ಒಂದು ಮಾತು ಆಡಲಿಲ್ಲ. ಇವನಿಗೆ ಯಾರಾದ್ರೂ ಕತ್ತರಿ ತೋರಿಸಿದ್ರೇನು? ಎರಡು ರೂಪಾಯಿ ಗ್ಲೂಕೋಸ್ ಪುಡಿಗೆ ಎಲ್ಲಾದ್ರೂ ಇಷ್ಟು ಜನ ಸೇರ್ತಾರೇನು? ನಮ್ಮ ತಂಗೀನ ಕೊಟ್ಟ ದಿನದಿಂದ ನೋಡ್ತಾ ಇದೀನಿ, ಇವನು ಹಿಂಗೇ. ತಗಡು ಕೊಟ್ಟು ಹಿತ್ತಾಳೆ ಅಂತಾನೆ!"

"ಹೌದ್ರಿ," ಎಂದರು ಪಾಪಣ್ಣ ತಡೆಯಲಾರದೆ. "ನನ್ನ ಕೆಟಲಿಗೂ ಹಂಗೇ ಮಾಡಿದ್ದು."

ಮರುಳಪ್ಪನವರು ಮಂಚದ ಮೇಲೆ ಹಳದಿಯಿಂದ ಕೆಂಪಿಗೆ ತಿರುಗಿದರು. ಇದನ್ನು ನೋಡಿದವರು ಹಲವರಿದ್ದಾರೆ. ಸಣ್ಣ ಕಾಯಿಲೆ ಎಂದದ್ದನ್ನು ಸಹಿಸಿಕೊಂಡಿದ್ದರು. ಕಾಮಾಲೆಯಲ್ಲೂ ಸಣ್ಣದು ಎಂದದ್ದನ್ನೂ ನುಂಗಿಕೊಂಡಿದ್ದರು. ತಗಡಿನ ಮಾತು ಬಂದಾಗ ಮೊಣಕೈ ಊರಿ ಎದ್ದರು. "ಇನ್..." ಎಂದರು.

ಇಡೀ ಪಡಸಾಲೆ ಅವರ ಕಡೆ ತಿರುಗಿತು. ಬಾಗಿಲ ಸಂದಿನಲ್ಲಿ ಅನ್ನಪೂರ್ಣ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅವಳ ಕಣ್ಣು ಅಪ್ಪನ ಮೇಲಿತ್ತು.

"ಇನ್ನೇನು ಹೇಳಾಕೆ ಐತೆ," ಎಂದು ಮರುಳಪ್ಪನವರು ಮತ್ತೆ ಮಲಗಿದರು. "ನಮ್ಮ ಭಾವ ಹೇಳಿದ್ದು ಖರೆ."

ಅಜ್ಜಮ್ಮ ಮಡಿಲಿನಿಂದ ಎಲೆ ಅಡಿಕೆ ಚೀಲ ತೆಗೆದರು. ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಬಾಯಿಗಿಟ್ಟುಕೊಂಡು, ಕಲ್ಲೇಶಪ್ಪನವರನ್ನೊಮ್ಮೆ ಮರುಳಪ್ಪನವರನ್ನೊಮ್ಮೆ ನೋಡಿದರು.

"ಕೊಟ್ರಾ, ಏಳು. ಊರಿಗೆ ಹೋಗಾಣ."

"ಯಾಕವ್ವ? ಲಗ್ನಪತ್ರಿಕೆ?"

"ಮೇ ತಿಂಗಳಿಗೇ ಇರಲಿ. ಇವನು ಸಾಯಲ್ಲ."

"ನಿಂಗೆ ಹೆಂಗೆ ಗೊತ್ತಾತು?"

"ಸಾಯೋರನ್ನ ಯಾರೂ ಬೈಯಲ್ಲ ಕಣೋ. ಹೋದ ಸಲ ಬಂದಾಗ ಎಲ್ರೂ ಇವನನ್ನ ದೇವರು ಅಂತಿದ್ರು, ನಂಗೆ ಎದೆ ಧಸಕ್ ಅಂದಿತ್ತು. ಈಗ ನೋಡು, ಹೆಂಡತಿ ಅಣ್ಣ ಬೈತಾನೆ. ಹೋಟ್ಲಿನೋನು ಬೈತಾನೆ. ಬೈಸ್ಕೊಂಡೋನು ಬಿಸಿ ಆಗಿ ಎದ್ದು ಕುಂತ. ಇಂಥೋನು ಮೊಮ್ಮಕ್ಕಳ ಮದುವೆ ಮಾಡ್ತಾನೆ." ಆಮೇಲೆ ಬಾಗಿಲ ಕಡೆ ತಿರುಗಿದರು. "ನೀ ಬರೆಯವ್ವ ನಿನ್ನ ಪರೀಕ್ಷೆ."

ಅಯ್ಯನವರು ಕಾಗದ ಮಡಚಿದರು. ಕೊಟ್ರಬಸಪ್ಪನವರು ಬೀಗರ ಕೈ ಹಿಡಿದು, ಉಪ್ಪು ಬಿಡಬೇಕೆಂದೂ ನೆಲನೆಲ್ಲಿ ಅರೆದು ಕುಡಿಯಬೇಕೆಂದೂ ಹೇಳಿ ಎದ್ದರು. ಕರಿಬಸಮ್ಮ ದೀಪಾವಳಿಯ ಜಗಳ ಜ್ಞಾಪಿಸಿಕೊಂಡು, ತಮ್ಮನಿಗೆ ಹೇಳದೆ ಸಂಜೆಯ ಬಸ್ಸಿಗೆ ಬಸವಾಪಟ್ಟಣಕ್ಕೆ ಹೋದರು. ಪಾಪಣ್ಣ ಮನೆಗೆ ಹೋಗಿ ತೂತು ಬಿದ್ದ ಕೆಟಲ್ ತಂದು ಮಂಚದ ಪಕ್ಕ ಇಟ್ಟರು.

"ಅಂಗಡಿ ತೆಗೆದ ದಿನ ಮೊದಲು ಇದು," ಎಂದರು.

ಮಂಚ ಒಳಗಿನ ಕೋಣೆಗೆ ಹೋಯಿತು. ನೋಡಲು ಬರುವವರು ನಿಂತರು. ಬೀದಿಯಲ್ಲಿ ಹೋಗುವವರು ಸೈಕಲ್ಲಿನ ಮೇಲಿಂದಲೇ "ಉಪ್ಪು ಬಿಟ್ರೇನ್ರಿ?" ಎಂದು ಕೂಗಿ ಹೋಗುತ್ತಿದ್ದರು. ಹಣ್ಣುಗಳು ಮೆತ್ತಗಾಗುವ ಮುಂಚೆ ನಿರ್ಮಲಮ್ಮ ಅವನ್ನು ಓಣಿಯ ಮಕ್ಕಳಿಗೆ ಹಂಚಿದರು. ಮನೆಯಲ್ಲಿ ಸದ್ದಿಲ್ಲದ್ದರಿಂದ ಅನ್ನಪೂರ್ಣ ಪಡಸಾಲೆಯಲ್ಲೇ ಕೂತು ಗಟ್ಟಿಯಾಗಿ ಓದತೊಡಗಿದಳು. ಮರುಳಪ್ಪನವರು ಒಳಗೆ ಮಲಗಿ ಗಂಜಿ ಕುಡಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ಮಗುವಿಗೆ ಗಮನ ಸಿಗದಿದ್ದರೆ ಅದು ಏನೇನು ಮಾಡುತ್ತದೆ ಎಂಬ ಅಧ್ಯಾಯ ಬಂದಾಗ ಬಾಗಿಲು ಹಾಕಿಕೊಳ್ಳಲು ಹೇಳಿದರು.

ಏಪ್ರಿಲ್ ಎರಡನೇ ವಾರ ಪರೀಕ್ಷೆ ಶುರುವಾಯಿತು. ಮರುಳಪ್ಪನವರ ಕಣ್ಣು ಅಷ್ಟರಲ್ಲಿ ಬೆಳ್ಳಗಾಗಿತ್ತು. ಮೊದಲ ದಿನ ಮಗಳನ್ನು ಬಸ್ ಹತ್ತಿಸಲು ಅವರೂ ಹೋದರು. ಕಂಡಕ್ಟರ್ ಅವರನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ರಿ ಸಾವ್ಕಾರ್ರೇ, ಭಾರಿ ಸೊರಗೀರಿ. ಏನಾಗಿತ್ತು?"

ಸುತ್ತ ಹತ್ತಾರು ಜನ ಬಸ್ಸಿಗೆ ಕಾಯುತ್ತಿದ್ದರು. ಮರುಳಪ್ಪನವರು ಅವರನ್ನೆಲ್ಲ ಒಮ್ಮೆ ನೋಡಿ, ಆಮೇಲೆ ಮಗಳನ್ನು ನೋಡಿದರು.

"ಕಾಮಾಲೆ," ಎಂದರು.

"ಅಷ್ಟೇನಾ," ಎಂದು ಕಂಡಕ್ಟರ್ ಶಿಳ್ಳೆ ಹಾಕಿದ. ಅನ್ನಪೂರ್ಣಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಆರೂಮುಕ್ಕಾಲಿಗೆ ಶಿವಮೊಗ್ಗಕ್ಕೆ ಹೊರಟಿತು.